ಬಾಗಿಲ ಬದಿಯ ತೀರ್ಥದ ಬಟ್ಟಲು

ಬಾಡಿಗೆ ಮನೆ ನೋಡಲು ಬಂದವರು ಕಾವೇರಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಅಡ್ವಾನ್ಸ್ ಎಷ್ಟು, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂದು ವಿಚಾರಿಸುತ್ತಾರೆ. ಮೈಸೂರಿನ ರಾಜೀವನಗರದಲ್ಲಿ ಮಗನ ಜೊತೆ ಮನೆ ನೋಡಲು ಬಂದಿದ್ದ ಎಪ್ಪತ್ತು ದಾಟಿದ ತಾಯಿಯೊಬ್ಬರು ಇದೊಂದನ್ನೂ ಕೇಳಲಿಲ್ಲ. ಬಾಗಿಲ ಚೌಕಟ್ಟನ್ನು ಒಮ್ಮೆ ಸವರಿ ನೋಡಿ, "ಇಲ್ಲಿ ಪಕ್ಕದಲ್ಲಿ ಒಂದೇ ಒಂದು ಮೊಳೆ ಹೊಡ್ಕೋಬಹುದಾ ಭಾಯಿ?" ಎಂದರು. ಹೊಸದಾಗಿ ಬಣ್ಣ ಹೊಡೆಸಿದ್ದ ಮಾಲೀಕರಿಗೆ ಮೊಳೆಯ ಮಾತು ಹಿಡಿಸಲಿಲ್ಲ. ಯಾತಕ್ಕೆ ಎಂದು ಕೇಳಿದರು. ಆಕೆ ಕೈಚೀಲದಿಂದ ಹಳೆಯ ಸೀರೆ ತುಂಡಿನ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಅಂಗೈಯಗಲದ ಹಿತ್ತಾಳೆ ತಗಡು, ಅದರ ಮೇಲೊಂದು ಶಿಲುಬೆ, ಶಿಲುಬೆಯ ಬುಡದಲ್ಲಿ ಅರ್ಧ ನಿಂಬೆಹೋಳಿನಷ್ಟು ಒಂದು ಬಟ್ಟಲು. "ನಮ್ಮತ್ತೆಯವರ ಮನೇದು. ಇದು ಬಾಗ್ಲಲ್ಲಿ ಇಲ್ದೆ ನಾನು ಯಾವ ಮನೇಲೂ ಮಲಗಿಲ್ಲ" ಎಂದರಂತೆ. ಮಾಲೀಕರು ಮತ್ತೆ ಮಾತಾಡಲಿಲ್ಲ. ಒಳಗಿನಿಂದ ತಾವೇ ಡ್ರಿಲ್ ತಂದು ತೂತು ಕೊರೆದು ಸ್ಕ್ರೂ ಬಿಗಿದುಕೊಟ್ಟರು.

ನಾನು ಆ ಮನೆಗೆ ಹೋದಾಗ ಬಟ್ಟಲು ಅದೇ ಸ್ಕ್ರೂಗೆ ತೂಗುತ್ತಿತ್ತು. ರಾಜೀವನಗರವೆಂದರೆ ಉದಯಗಿರಿಗೆ ಹೊಂದಿಕೊಂಡ ಬಡಾವಣೆ, ಮುಸ್ಲಿಂ ಕುಟುಂಬಗಳೇ ಹೆಚ್ಚು. ಅಲ್ ಬದರ್ ವೃತ್ತದಿಂದ ಒಳಗೆ ತಿರುಗಿ ಸಿಗುವ ಬೀದಿಗಳಲ್ಲಿ ಕಥೋಲಿಕರ ಮನೆ ಹುಡುಕುವುದು ಕಷ್ಟವೇ. ಆದರೆ ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯಕ್ಕೆ ಇಲ್ಲಿಂದ ಆಟೋದಲ್ಲಿ ಹೋಗಿಬರುವಷ್ಟೇ ದೂರ, ಬಾಡಿಗೆಯೂ ಕೈಗೆಟುಕುತ್ತದೆ. ಹಾಗಾಗಿ ಅಲ್ಲೊಂದು ಇಲ್ಲೊಂದು ಕುಟುಂಬ ಬಂದು ನೆಲೆಸುತ್ತದೆ.

ಬಟ್ಟಲನ್ನು ಹತ್ತಿರದಿಂದ ನೋಡಿದೆ. ಶಿಲುಬೆಯ ಮೇಲಿನ ಯೇಸುವಿನ ಮುಖದಲ್ಲಿ ಕಣ್ಣು ಮೂಗು ಉಳಿದಿಲ್ಲ. ಹುಣಸೆಹಣ್ಣು ಹಾಕಿ ಉಜ್ಜುತ್ತ ಬಂದ ಹೆಂಗಸರ ಕೈಗಳು ಆ ಮುಖವನ್ನು ನುಣ್ಣಗೆ ಮಾಡಿಬಿಟ್ಟಿವೆ. ಮುಳ್ಳಿನ ಕಿರೀಟದ ಸುತ್ತ ಮಾತ್ರ ಸಣ್ಣ ಗೀರುಗಳು ಕಾಣುತ್ತವೆ. ಬಟ್ಟಲಿನೊಳಗೆ ಒಂದು ಚೂರು ಸ್ಪಂಜು, ಅದು ನೆನೆಯುವಷ್ಟು ನೀರು. ಮನೆಯಿಂದ ಹೊರಡುವಾಗ, ಬಂದಾಗ, ರಾತ್ರಿ ಮಲಗುವ ಮುಂಚೆ ಬೆರಳ ತುದಿ ಅದ್ದಿ ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಂಡು ಶಿಲುಬೆ ಗುರುತು ಹಾಕಿಕೊಳ್ಳುವುದು ಮನೆಯ ವಾಡಿಕೆ. ನಾನು ಕುಳಿತಿದ್ದಾಗಲೇ ಮೊಮ್ಮಗಳು ಟ್ಯೂಷನ್‌ಗೆ ಹೊರಟಳು. ಚಪ್ಪಲಿ ಹಾಕಿಕೊಳ್ಳುತ್ತಲೇ ಒಂದು ಕೈ ಬಟ್ಟಲಿಗೆ ಹೋಯಿತು. ಅವಳು ಬಟ್ಟಲನ್ನು ನೋಡಲೂ ಇಲ್ಲ. ಕೈಗೆ ದಾರಿ ಗೊತ್ತಿತ್ತು.

"ಪೂಜೆಗೆ ಹೋಗೋಣ ಅಂದ್ರೆ ಮಂಡಿನೋವು ಬಿಡಲ್ಲ ಕಣಪ್ಪ. ಇದಾದ್ರೆ ಎದ್ದು ನಾಕು ಹೆಜ್ಜೆ" ಎಂದರು ಆ ತಾಯಿ.

ಕಥೋಲಿಕ ದೇವಾಲಯದ ಬಾಗಿಲಲ್ಲಿ ಕಲ್ಲಿನದೋ ಅಮೃತಶಿಲೆಯದೋ ಒಂದು ತೊಟ್ಟಿ ಇರುತ್ತದೆ. ಒಳಗೆ ಕಾಲಿಡುವವರು ಅದರ ನೀರಿನಿಂದ ಶಿಲುಬೆ ಗುರುತು ಹಾಕಿಕೊಂಡು ತಮ್ಮ ದೀಕ್ಷಾಸ್ನಾನವನ್ನು ನೆನೆಯುತ್ತಾರೆ. ಮನೆಯ ಬಟ್ಟಲು ಆ ತೊಟ್ಟಿಯದೇ ಪುಟ್ಟ ರೂಪ. ನೀರು ಬರುವುದೂ ದೇವಾಲಯದಿಂದಲೇ. ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಗುರುಗಳು ಉರಿಯುವ ದೊಡ್ಡ ಮೇಣದಬತ್ತಿಯ ಬುಡವನ್ನು ನೀರಿಗಿಳಿಸಿ ಪ್ರಾರ್ಥಿಸುತ್ತಾರೆ. ಮರಳುವಾಗ ಜನ ಬಾಟಲಿಗಳಲ್ಲಿ ಆ ನೀರನ್ನು ತುಂಬಿಕೊಂಡು ಮನೆಗೆ ತರುತ್ತಾರೆ. ಅದಕ್ಕೆ ಪುಸ್ತಕದ ಹೆಸರು ಪವಿತ್ರ ಜಲ, ಮನೆಯ ಹೆಸರು ತೀರ್ಥ.

ಈ ತೀರ್ಥವೆಂಬ ಮಾತು ನನಗೆ ತುಂಬ ಪ್ರಿಯ. ವಿಷ್ಣು ದೇವಸ್ಥಾನದಲ್ಲಿ ಅರ್ಚಕರು ಉದ್ಧರಣೆಯಿಂದ ಅಂಗೈಗೆ ಹಾಕುವುದೂ ತೀರ್ಥ, ನಮ್ಮ ಬಾಗಿಲಲ್ಲಿ ತೂಗುವುದೂ ತೀರ್ಥ. 17ನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯ ಮಿಷನ್ನಿಗೆ ಬುನಾದಿ ಹಾಕಿದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದವರು. ಅವರಿಂದ ಮೊದಲಾದ ಹಾದಿಯಲ್ಲಿ ಇಲ್ಲಿನ ಕಥೋಲಿಕರ ನುಡಿ ಪೂಜೆ, ಗುರು, ಪರಮಪ್ರಸಾದ, ತೀರ್ಥ ಎಂದು ನೆರೆಮನೆಯವರ ಮಾತುಗಳಲ್ಲೇ ಬೆಳೆಯಿತು. ವಸ್ತು ಬೇರೆ ದೇಶದಿಂದ ಬಂದರೂ ಹೆಸರು ಮಾತ್ರ ಈ ಮಣ್ಣಿನದೇ ಆಯಿತು.

ಹೊಸ್ತಿಲಲ್ಲಿ ನೀರು ಮುಟ್ಟಿ ಒಳಗೆ ಹೋಗುವ ಪದ್ಧತಿ ಕ್ರೈಸ್ತರಿಗಿಂತ ಹಳೆಯದು. 1ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಗ್ರೀಕ್ ಯಂತ್ರಜ್ಞ ದೇಗುಲಕ್ಕೆಂದೇ ಒಂದು ಪೆಟ್ಟಿಗೆಯನ್ನು ವರ್ಣಿಸಿದ್ದಾನೆ. ಐದು ದ್ರಾಕ್ಮಾದ ನಾಣ್ಯ ಹಾಕಿದರೆ ಅದರ ಭಾರಕ್ಕೆ ಒಳಗಿನ ಸನ್ನೆ ಬಾಗಿ, ನಾಣ್ಯ ಜಾರಿ ಬೀಳುವವರೆಗೆ ತೀರ್ಥ ಸುರಿಯುತ್ತದೆ. ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಮೊದಮೊದಲ ಚರ್ಚುಗಳ ಮುಂದಿನ ಅಂಗಳದಲ್ಲೂ ಕೈಮುಖ ತೊಳೆಯಲು ಕಾರಂಜಿ ಇರುತ್ತಿತ್ತು. ಬರಬರುತ್ತ ಅದು ಬಾಗಿಲ ಪಕ್ಕದ ತೊಟ್ಟಿಯಾಯಿತು. ಪ್ಯಾರಿಸ್ಸಿನ ಸೇಂಟ್ ಸುಲ್ಪಿಸ್ ಚರ್ಚಿನಲ್ಲಿ ತೊಟ್ಟಿಗಳೇ ಎರಡು ದೈತ್ಯ ಕಡಲಚಿಪ್ಪುಗಳು. ವೆನಿಸ್ ಗಣರಾಜ್ಯ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸನಿಗೆ ಕೊಟ್ಟ ಕಾಣಿಕೆ ಅವು. ಶಿಲ್ಪಿ ಪಿಗಾಲ್ ಅವುಗಳಿಗೆ ಅಮೃತಶಿಲೆಯ ಪೀಠ ಕೆತ್ತಿದ. ಚಿಪ್ಪಿನ ಆಕಾರ ಎಷ್ಟು ಒಗ್ಗಿಹೋಯಿತೆಂದರೆ ಇಂದಿಗೂ ಮನೆಯ ಬಟ್ಟಲುಗಳಲ್ಲಿ ಹಲವು ಚಿಪ್ಪಿನಂತೆಯೇ ಇರುತ್ತವೆ. ಯೂರೋಪಿನಲ್ಲಿ ಬಟ್ಟಲು ಮಲಗುವ ಕೋಣೆಯವರೆಗೂ ಬಂತು. ಮಂಚದ ತಲೆದೆಸೆಯಲ್ಲಿ ಅದನ್ನು ತೂಗುಹಾಕುತ್ತಿದ್ದರು. 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ ಆವಿಲಾದ ಸಂತ ತೆರೇಸಾ ತಮ್ಮ ಆತ್ಮಕಥೆಯಲ್ಲಿ ದೆವ್ವಗಳನ್ನು ಓಡಿಸಲು ತೀರ್ಥದಷ್ಟು ಬಲವಾದದ್ದು ಬೇರೆ ಕಾಣೆನೆಂದು ಹೇಳಿಕೊಂಡಿದ್ದಾರೆ.

ಸೇಂಟ್ ಸುಲ್ಪಿಸ್ ಹೆಸರು ಸುಮ್ಮನೆ ಎತ್ತಲಿಲ್ಲ. ಆ ಚೌಕದ ಸುತ್ತಲಿನ ಅಂಗಡಿಗಳು 19ನೇ ಶತಮಾನದಲ್ಲಿ ಜಪಮಾಲೆ, ಶಿಲುಬೆ, ಸಂತರ ಪ್ರತಿಮೆಗಳಿಗೆ ಹೆಸರಾಗಿದ್ದವು. ಅಲ್ಲಿಂದ ನಡಿಗೆಯ ದೂರದಲ್ಲೇ, ರ್‍ಯೂ ದ್ಯು ಬಾಕ್ ಬೀದಿಯಲ್ಲಿ, ಪ್ಯಾರಿಸ್ ವಿದೇಶ ಮಿಷನ್ನಿನ ಗುರುಮಠವಿದೆ. ಮೈಸೂರು ಸೀಮೆಗೆ ಫ್ರೆಂಚ್ ಗುರುಗಳು ಬಂದದ್ದು ಆ ಮಠದಿಂದ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ನೆಲೆಸಿ, ಇಲ್ಲಿನವರಂತೆ ಉಡುಗೆ ತೊಟ್ಟು, ನಮ್ಮ ಜನರ ಆಚಾರವಿಚಾರಗಳ ಮೇಲೆ ದೊಡ್ಡ ಪುಸ್ತಕ ಬರೆದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದುಬ್ವಾ ಆ ಮಠದವರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಮೈಸೂರಿನಲ್ಲಿ ಮೊದಲ ದೇವಾಲಯ ಎದ್ದಿತು. ಅದೇ ಜಾಗದಲ್ಲಿ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ದೇವಾಲಯಕ್ಕೆ ಅಡಿಗಲ್ಲು ಇಟ್ಟರು. 175 ಅಡಿಯ ಎರಡು ಗೋಪುರಗಳು, ಫ್ರಾನ್ಸಿನಿಂದ ತರಿಸಿದ ಬಣ್ಣದ ಗಾಜು, ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾ ಪ್ರತಿಮೆ ಇವನ್ನು ಮೈಸೂರಿಗೆ ಬಂದವರೆಲ್ಲ ನೋಡಿ ಹೋಗುತ್ತಾರೆ. ಆ ಗೋಪುರದ ಚರಿತ್ರೆ ನೂರು ಕಡೆ ಅಚ್ಚಾಗಿದೆ. ಗೋಪುರದ ನೆರಳಲ್ಲಿ ಬದುಕಿದ ಅಡುಗೆಯವರು, ಗಾಡಿ ಹೊಡೆಯುವವರು, ದಾದಿಯರು, ಶಾಲಾ ಮೇಷ್ಟರು, ಅರಮನೆಯ ಕೆಳದರ್ಜೆ ನೌಕರರು ಇವರ ಮನೆಗಳ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. ಅವರಲ್ಲಿ ದಾಖಲೆಯೆಂದು ಏನಾದರೂ ಉಳಿದಿದ್ದರೆ ಒಂದು ಜಪಮಾಲೆ, ಒಂದು ಮದುವೆ ಫೋಟೊ, ಈ ಬಟ್ಟಲು, ಅಷ್ಟೆ. ನನಗೆ ಈ ಬಟ್ಟಲುಗಳ ಮೇಲಿರುವ ಕಾಳಜಿಗೆ ಇದೇ ಕಾರಣ.

ನಾನು ಕಂಡ ಹಳೆಯ ಬಟ್ಟಲುಗಳಲ್ಲಿ ಎರಡು ಬಗೆ. ಒಂದು ಪಿಂಗಾಣಿಯದು. ಬಿಳಿಯ ಕಾವಲುದೂತ ಮಗುವಿನ ಮೇಲೆ ರೆಕ್ಕೆ ಹರಡಿ ನಿಂತಿರುತ್ತಾನೆ, ಕಾಲಬಳಿ ಚಿಪ್ಪಿನ ಬಟ್ಟಲು. ಮೆರುಗು ಕೊಡದೆ ಸುಟ್ಟ ಪಿಂಗಾಣಿಯಾದರೆ ಮುಟ್ಟಿದಾಗ ಸೀಮೆಸುಣ್ಣದಂತೆ ಒರಟು. ಇನ್ನೊಂದು ಹಿತ್ತಾಳೆಯದು, ಎರಕ ಹೊಯ್ದದ್ದು ಅಥವಾ ತಗಡಿಗೆ ಬಟ್ಟಲು ಕೂಡಿಸಿದ್ದು. ನಮ್ಮ ಮನೆಯದು ಎಷ್ಟು ಹಳೆಯದು ಎಂದು ಕೇಳುವವರು ಮೊದಲು ಬೆನ್ನು ತಿರುಗಿಸಿ ನೋಡಲಿ. ದೇಶದ ಹೆಸರು ಇಂಗ್ಲಿಷಿನಲ್ಲಿ ಅಚ್ಚೊತ್ತಿದ್ದರೆ ಅದು ಬಹುತೇಕ 1890ರ ಈಚಿನದು. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ ಆ ವರ್ಷ ಕಾನೂನು ಮಾಡಿತು. ಅದರ ನಂತರ ಯೂರೋಪಿನ ಕಾರ್ಖಾನೆಗಳಲ್ಲಿ ಈ ಗುರುತು ವಾಡಿಕೆಯಾಯಿತು. ಯಾವ ಗುರುತೂ ಇಲ್ಲವೆಂದ ಮಾತ್ರಕ್ಕೆ ತೀರಾ ಹಳೆಯದೆಂದು ಬೀಗಬೇಕಿಲ್ಲ, ಊರಿನ ಎರಕದವರು ಮಾಡಿದ ಕೆಲಸವೂ ಇರಬಹುದು. ಅದರಿಂದ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದಿನಿಂದ ಬಂದ, ನೀಲಿ ಮುಚ್ಚಳದ, ಮರಿಯಮಾತೆಯ ಆಕಾರದ ಬಾಟಲಿಗಳು ಮಾತ್ರ ಬೇರೆ ಲೆಕ್ಕ. 1858ರಲ್ಲಿ ಬರ್ನದೆತ್ ಎಂಬ ಬಡ ಹುಡುಗಿ ಕಂಡ ಚಿಲುಮೆಯ ನೀರು ಅದು, ಗುರುಗಳು ಆಶೀರ್ವದಿಸಿದ ತೀರ್ಥವಲ್ಲ. ನಮ್ಮ ಮನೆಗಳಲ್ಲಿ ಎರಡನ್ನೂ ಒಂದೇ ಗೂಡಿನಲ್ಲಿ ಇಡುತ್ತೇವೆ.

ಹಿತ್ತಾಳೆಯ ಬಟ್ಟಲಿಗೆ ದೊಡ್ಡ ಶತ್ರು ಉಪ್ಪು. ಹಳೆಯ ವಿಧಿಯಲ್ಲಿ ಗುರುಗಳು ಮೊದಲು ಉಪ್ಪನ್ನು, ಆಮೇಲೆ ನೀರನ್ನು ಆಶೀರ್ವದಿಸಿ, ಶಿಲುಬೆಯಾಕಾರದಲ್ಲಿ ಉಪ್ಪನ್ನು ನೀರಿಗೆ ಬೆರೆಸುತ್ತಿದ್ದರು. ಎಲೀಷ ಪ್ರವಾದಿ ಜೆರಿಕೋ ಊರಿನ ಕೆಟ್ಟ ನೀರಿಗೆ ಉಪ್ಪು ಹಾಕಿ ಶುದ್ಧ ಮಾಡಿದ ಕಥೆ ಅದರ ಹಿಂದಿದೆ. ಉಪ್ಪು ಬಿದ್ದ ನೀರು ಬೇಗ ಕೆಡುವುದೂ ಇಲ್ಲ. ಈಗಿನ ವಿಧಿಯಲ್ಲಿ ಉಪ್ಪು ಕಡ್ಡಾಯವಲ್ಲ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಉಪ್ಪುನೀರು ದಿನಗಟ್ಟಲೆ ನಿಂತರೆ ಸತು ಮೊದಲು ಕರಗಿ ಹೋಗುತ್ತದೆ, ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬನ್ನು ಹುಣಸೆಹಣ್ಣಿನಿಂದ ಉಜ್ಜಿದಾಗಲೆಲ್ಲ ಒಂದು ಪದರ ಲೋಹವೂ ಜೊತೆಗೆ ಹೋಗುತ್ತದೆ. ಯೇಸುವಿನ ಮುಖ ಮಾಸಿದ್ದು ಹೀಗೆ, ಭಕ್ತಿಯಿಂದಲೇ.

ಇದಕ್ಕೆ ನಮ್ಮ ಹಳಬರ ಮದ್ದು ಕಲಾಯಿ. ರಾಜೀವನಗರದ ಬಟ್ಟಲಿಗೂ ಅದೇ ಮದ್ದು ಸಿಕ್ಕಿತು. ಮನೆ ಮಾಲೀಕರ ಅಣ್ಣ ಒಂದು ಕಾಲದಲ್ಲಿ ಬೀದಿಬೀದಿ ತಿರುಗಿ ಬಿರಿಯಾನಿ ದೇಗ್ಚಿ, ಹಂಡೆ, ಕೊಳಗಗಳಿಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು, ಅಲ್ಯೂಮಿನಿಯಂ ಬಂದ ಮೇಲೆ ಕಸುಬು ನಿಂತಿತು, ಸಾಮಾನು ಮಾತ್ರ ಅಟ್ಟದ ಮೇಲಿತ್ತು. ಬಟ್ಟಲಿನ ಒಳಗಿನ ಹಸಿರು ನೋಡಿ ಅವರೇ, "ಕೊಡಿ ಅಮ್ಮಾ, ಒಂದು ಕೈ ನೋಡ್ತೀನಿ" ಎಂದರಂತೆ. ಆದರೆ ತಕ್ಷಣ ಬೆಂಕಿಗಿಡಲಿಲ್ಲ. ತಗಡನ್ನು ಮಗುಚಿ, ಬಟ್ಟಲು ಹೇಗೆ ಕೂಡಿದೆಯೆಂದು ಬೆರಳಾಡಿಸಿ ನೋಡಿದರು. ಕಲಾಯಿಗೆ ಹಾಕುವ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೀಸ ತವರ ಬೆರೆಸಿದ ಬೆಸುಗೆ ಅದಕ್ಕೂ ಮೊದಲೇ ಕರಗುತ್ತದೆ. ಬೆಸುಗೆ ಹಾಕಿದ ಬಟ್ಟಲನ್ನು ಕೆಂಡದ ಮೇಲಿಟ್ಟರೆ ಕಲಾಯಿ ಹಿಡಿಯುವ ಮೊದಲು ಬಟ್ಟಲೇ ಕಳಚಿ ಬೀಳುತ್ತದೆ. ಇದಕ್ಕೆ ಎರಡು ರಿವೆಟ್ ಹೊಡೆದಿದ್ದರು, ಹಾಗಾಗಿ ಒಪ್ಪಿಕೊಂಡರು. ಇದ್ದಿಲ ಕೆಂಡ, ತಿದಿಯ ಗಾಳಿ, ಬಿಸಿಯಾದ ಲೋಹದ ಮೇಲೆ ಚಿಟಿಕೆ ನವಸಾಗರ, ಮೂಗು ಸುಡುವ ಹೊಗೆ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು. ಎರಡು ನಿಮಿಷದಲ್ಲಿ ಒಳಮೈ ಬೆಳ್ಳಿಯಂತಾಯಿತು. ಹೊರಗಿನ ಹಳದಿಯನ್ನೂ ಮಾಸಿದ ಮುಖವನ್ನೂ ಅವರು ಮುಟ್ಟಲಿಲ್ಲ. ದುಡ್ಡು ಕೊಡಹೋದರೆ, ದೇವರ ನೀರಿನ ಪಾತ್ರೆಗೆ ದುಡ್ಡು ತಗೊಳ್ಳೋದಿಲ್ಲ ಎಂದರಂತೆ. ತೀರ್ಥದ ಬಟ್ಟಲಿನ ವಿಷಯದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಮಾತು ಅದು.

ಆ ಬೀದಿಯ ಜನಕ್ಕೆ ದೇವರ ನೀರೆಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಜ್ ಮುಗಿಸಿ ಬಂದವರ ಮನೆಯಲ್ಲಿ ಝಮ್‌ಝಮ್ ನೀರಿನ ಕ್ಯಾನು ಇರುತ್ತದೆ, ನೆಂಟರಿಗೆ ಪುಟ್ಟ ಲೋಟದಲ್ಲಿ ಹಂಚುತ್ತಾರೆ. ಕಾಶಿಗೆ ಹೋಗಿಬಂದವರ ದೇವರಕೋಣೆಯಲ್ಲಿ ಬೆಸುಗೆ ಹಾಕಿದ ಗಂಗೆಯ ತಾಲಿ ಇರುತ್ತದೆ, ಸಾಯುವವರ ಬಾಯಿಗೆ ಬಿಡಲೆಂದು ಕಾದಿಟ್ಟದ್ದು. ನಮ್ಮಲ್ಲೂ ತೀರ್ಥದ ಕೊನೆಯ ಕೆಲಸ ಅದರ ಹತ್ತಿರದ್ದೇ. ಮನೆಯಲ್ಲಿ ಸಾವಾದಾಗ ಬಂದವರೆಲ್ಲ ಒಂದು ಹೂವನ್ನೋ ಗರಿಯನ್ನೋ ತೀರ್ಥದಲ್ಲಿ ಅದ್ದಿ ದೇಹದ ಮೇಲೆ ಚಿಮುಕಿಸುತ್ತಾರೆ. ನವೆಂಬರ್ 2ರಂದು ಸಮಾಧಿಗಳ ಮೇಲೂ ಚಿಮುಕಿಸುತ್ತಾರೆ. ಗುಡುಗು ಸಿಡಿಲಿನ ರಾತ್ರಿ ನನ್ನಜ್ಜಿ ಮನೆಯ ನಾಲ್ಕು ಮೂಲೆಗೂ ತೀರ್ಥ ಚಿಮುಕಿಸಿ ಬಂದು ನಮ್ಮ ಹಣೆಯ ಮೇಲೆ ಒದ್ದೆ ಬೆರಳಿನಿಂದ ಶಿಲುಬೆ ಬರೆಯುತ್ತಿದ್ದರು. ಆ ತಂಪು ಇನ್ನೂ ನೆನಪಿದೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಯೆನ್ನಾ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಟ್ರಿಯಾದ 21 ಪವಿತ್ರ ಚಿಲುಮೆಗಳ ಮತ್ತು 18 ಚರ್ಚ್ ತೊಟ್ಟಿಗಳ ನೀರು ಪರೀಕ್ಷಿಸಿದಾಗ, ಜನ ಹೆಚ್ಚು ಬರುವ ಚರ್ಚಿನ ತೊಟ್ಟಿಯಲ್ಲೇ ಬ್ಯಾಕ್ಟೀರಿಯಾ ಹೆಚ್ಚೆಂದು ಕಂಡಿತು. ಹತ್ತು ಕೈ ಅದ್ದಿದ ನೀರನ್ನು ಭಕ್ತಿಯ ಹೆಸರಿನಲ್ಲಿ ಮಗುವಿಗೆ ಕುಡಿಸಬಾರದು. ವಾರಕ್ಕೊಮ್ಮೆ ಬಟ್ಟಲಿನ ಹಳೆಯ ನೀರನ್ನು ಗಿಡದ ಬುಡಕ್ಕೆ ಹಾಕಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಹೊಸದು ತುಂಬಬೇಕು. ಪವಿತ್ರ ನೀರನ್ನು ಬಚ್ಚಲಿಗೆ ಚೆಲ್ಲದೆ ಮಣ್ಣಿಗೆ ಸೇರಿಸುವುದು ವಾಡಿಕೆ. ಬೋರ್‌ವೆಲ್ ನೀರು ಬಿಟ್ಟುಹೋಗುವ ಬಿಳಿ ಸುಣ್ಣದ ಗೆರೆಯನ್ನು ಚಾಕುವಿನಿಂದ ಕೆರೆಯಬಾರದು. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಚರ್ಚುಗಳ ತೊಟ್ಟಿಗಳನ್ನು ಬರಿದು ಮಾಡಿದರು, ಆಮೇಲೆ ಬಾಗಿಲುಗಳೇ ಮುಚ್ಚಿದವು. ಬಟ್ಟಲಿದ್ದ ಮನೆಗಳಲ್ಲಿ ಆ ದಿನಗಳಲ್ಲೂ ಹೊಸ್ತಿಲಲ್ಲಿ ತೀರ್ಥವಿತ್ತು.

ಈಗ ನಮ್ಮ ಮನೆಯ ಮಾತು. ಅಜ್ಜಿ ತೀರಿಕೊಂಡು, ಹಳೆಯ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಹಿತ್ತಾಳೆ ಪಾತ್ರೆಗಳನ್ನೆಲ್ಲ ಮೂಟೆ ಕಟ್ಟಿ ಗುಜರಿಗೆ ಹಾಕಿದೆವು. ಬಟ್ಟಲೂ ಆ ಮೂಟೆಯಲ್ಲೇ ತೂಕಕ್ಕೆ ಹೋಯಿತು. ಹದಿನೈದು ದಿನ ಕಳೆದು ಅಮ್ಮ, "ತೀರ್ಥದ ಬಟ್ಟಲು ಯಾವ ಪೆಟ್ಟಿಗೇಲಿಟ್ರಿ?" ಎಂದು ಕೇಳಿದಾಗ ನಮಗೆ ಉತ್ತರವಿರಲಿಲ್ಲ. ಅಂಗಡಿಗೆ ಓಡಿದೆ. ಹಿತ್ತಾಳೆ ಆಗಲೇ ಕರಗಿಸುವ ಕಡೆಗೆ ಹೋಗಿತ್ತು. ಅಜ್ಜಿಯ ಮುಂಚೆ ಅದು ಯಾರದಾಗಿತ್ತು, ಯಾವ ಊರಿನಿಂದ ಬಂದದ್ದು ಎಂದು ನಾವು ಯಾರೂ ಒಮ್ಮೆಯೂ ಕೇಳಿರಲಿಲ್ಲ. ವಸ್ತು ಹೋದದ್ದಕ್ಕಿಂತ ಆ ಕೇಳದೆ ಹೋದ ಮಾತು ನನ್ನನ್ನು ಹೆಚ್ಚು ನೋಯಿಸುತ್ತದೆ.

ಬಟ್ಟಲುಗಳು ಹೀಗೆಯೇ ಹೋಗುತ್ತಿವೆ. ಕೆಲವು ಗುಜರಿಗೆ, ಕೆಲವು ಹಳೆ ಸಾಮಾನಿನ ವ್ಯಾಪಾರಕ್ಕೆ. ಕೊಂಡವರು ಅಲಂಕಾರಕ್ಕೆಂದು ಹೋಟೆಲಿನ ಗೋಡೆಗೆ ತೂಗುಹಾಕಿ ಅದರಲ್ಲಿ ಪ್ಲಾಸ್ಟಿಕ್ ಹೂವಿಟ್ಟದ್ದನ್ನೂ ನೋಡಿದ್ದೇನೆ. ಧರ್ಮಸಭೆಯ ಈಗಿನ ಕಾನೂನು ಸಂಹಿತೆಯ 1171ನೇ ನಿಯಮ, ಆಶೀರ್ವಾದ ಪಡೆದು ಆರಾಧನೆಗೆ ಮೀಸಲಾದ ವಸ್ತು ಖಾಸಗಿಯವರ ಕೈಲಿದ್ದರೂ ಅದನ್ನು ಗೌರವದಿಂದ ಕಾಣಬೇಕು, ಲೌಕಿಕ ಬಳಕೆಗೆ ಇಳಿಸಬಾರದು ಎನ್ನುತ್ತದೆ. ಮನೆಯ ಬಟ್ಟಲಿಗೂ ಅದೇ ಮರ್ಯಾದೆ ಸಲ್ಲಬೇಕೆಂಬುದು ನನ್ನ ನಿಲುವು. ದೇಶದ ಕಾನೂನೂ ಇಲ್ಲಿ ಮುಖ್ಯ. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕರಕುಶಲ ವಸ್ತು ಪ್ರಾಚ್ಯವಸ್ತುವೆನಿಸಬಹುದು, ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ದುಬೈಗೋ ಕೆನಡಾಕ್ಕೋ ಹೋದ ಮಕ್ಕಳಿಗೆ ಅಜ್ಜಿಯ ಬಟ್ಟಲನ್ನು ಕಳಿಸಬೇಕೆನ್ನುವವರು, ಅದು ಅಷ್ಟು ಹಳೆಯದಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯುವುದು ಕ್ಷೇಮ.

ಇದ್ದಲ್ಲೇ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸರಿ. ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ನೀರಿಲ್ಲದ ಬಟ್ಟಲನ್ನು ಮೊಮ್ಮಕ್ಕಳು ಮುಟ್ಟುವುದಿಲ್ಲ, ಮುಟ್ಟದ ವಸ್ತುವಿನ ಕಥೆ ಕೇಳುವುದಿಲ್ಲ, ಕಥೆಯಿಲ್ಲದ ಹಿತ್ತಾಳೆ ಒಂದು ದಿನ ತಕ್ಕಡಿಗೆ ಹೋಗುತ್ತದೆ.

ರಾಜೀವನಗರದಿಂದ ಹೊರಡುವ ಮುಂಚೆ ಆ ತಾಯಿಯನ್ನು ಕೂರಿಸಿಕೊಂಡು ಕೇಳಿದೆ. ಅವರು ಹೇಳುತ್ತ ಹೋದರು, ಟ್ಯೂಷನ್ ಮುಗಿಸಿ ಬಂದ ಮೊಮ್ಮಗಳು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡಳು. ಅತ್ತೆಯ ಹೆಸರು, ಅತ್ತೆಗೆ ಅದನ್ನು ಕೊಟ್ಟವರ ಹೆಸರು, ತೂಗಿದ ಮನೆಗಳ ಬೀದಿಗಳು, ಕಲಾಯಿ ಹಾಕಿದವರ ಹೆಸರು. ಹಾಳೆಯನ್ನು ಮಡಚಿ ಮನೆಯ ಬೈಬಲಿನೊಳಗೆ ಇಟ್ಟರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ನಿಮ್ಮ ಮನೆಯ ಬಾಗಿಲಲ್ಲೂ ಇಂಥದೊಂದು ಬಟ್ಟಲು ಇದ್ದರೆ, ಮನೆಯ ಹಿರಿಯರಿಗೆ ನೆನಪಿರುವಾಗಲೇ, ಈ ಭಾನುವಾರವೇ ಕೇಳಿ ಬರೆದಿಡಿ.